ಪುಟ್ಟಿ ಇನ್ನೂ ಒಣಗಿಲ್ಲ

ಒಣಗಿದ ತಲೆಗಳಿಗೆ ಮೂವತ್ತು ವರ್ಷ ವ್ಯಾಕರಣ ಇಳಿಸಿದವಳಿಗೆ, ನೆನೆದ ಗೋಡೆ ಒಣಗಿಸುವುದು ಯಾವ ದೊಡ್ಡ ವಿಷಯ! ಹೀಗೆಂದು ನಾನು ಹೇಳಿದ್ದು ನಿಜ. ಹೇಳುವಾಗ ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದೆ ಎಂಬುದೂ ನಿಜ. ಕೇಳಿಸಿಕೊಂಡವರು ನಮ್ಮ ಯಜಮಾನರು ಒಬ್ಬರೇ ಆಗಿದ್ದರೆ, ನಾನು ಹಾಗೆ ಹೇಳಲೇ ಇಲ್ಲ ಎಂದು ಈಗ ಸಾಧಿಸಿಬಿಡುತ್ತಿದ್ದೆ. ಪಕ್ಕದ ಮನೆಯ ಮುನಿಯಪ್ಪನವರೂ ಕೇಳಿಸಿಕೊಂಡರು. ಅಲ್ಲಿಗೆ ಲೇಔಟಿಗೆಲ್ಲ ಗೊತ್ತಾಯಿತು.

ಮೊದಲು ನಮ್ಮ ಪರಿಚಯ ಹೇಳಿಬಿಡುತ್ತೇನೆ. ನಾನು ಸರೋಜ. ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಿದ್ದು ನಿವೃತ್ತಳಾದವಳು. ಸರೋಜ ಎಂದರೆ ಕೆರೆಯಲ್ಲಿ ಹುಟ್ಟಿದ್ದು. ಯಜಮಾನರ ಹೆಸರು ಗಂಗಾಧರ, ಅಂದರೆ ಗಂಗೆಯನ್ನು ತಲೆಯ ಮೇಲೆ ಹೊತ್ತವರು. ಒಬ್ಬಳೇ ಮಗಳು ವರ್ಷಾ. ಅದರ ಅರ್ಥ ಹೇಳಬೇಕಾಗಿಲ್ಲ. ಇಂಥ ಮೂವರು ಒಂದೇ ಸೂರಿನಡಿ ಸೇರಿ, ಅದೂ ಯಲಹಂಕದ ಅಟ್ಟೂರು ಕಡೆ ತಗ್ಗಿನಲ್ಲಿ ಮನೆ ಕಟ್ಟಿಕೊಂಡ ಮೇಲೆ, ನೀರು ನಮ್ಮ ಮನೆಗೆ ಬಾರದೆ ಇನ್ನೆಲ್ಲಿಗೆ ಹೋದೀತು! ಈ ಮಳೆಗಾಲದಿಂದೀಚೆಗೆ ಮಗಳನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದೇವೆ. 'ವರ್ಷಾ ಬಂತು' ಎಂದರೆ ಸಾಕು, ಯಜಮಾನರು ಎದ್ದು ಹೋಗಿ ಫ್ರಿಜ್ಜಿನ ಪ್ಲಗ್ ಕೀಳುತ್ತಾರೆ. ಹಾಗಾಗಿ ಹುಟ್ಟಿದಾಗಿನಿಂದ ಇದ್ದ ಮುದ್ದಿನ ಹೆಸರೇ ಗಟ್ಟಿಯಾಯಿತು. ಪುಟ್ಟಿ!

ನಮ್ಮ ಕಡೆ ಮುದ್ದಿನ ಮಕ್ಕಳೆಲ್ಲ ನಪುಂಸಕಲಿಂಗವೇ. 'ಪುಟ್ಟಿ ಊಟ ಮಾಡಿತಾ?' 'ಪುಟ್ಟಿ ಮಲಗಿದೆ, ಗಲಾಟೆ ಮಾಡ್ಬೇಡಿ.' ತರಗತಿಯಲ್ಲಿ ಲಿಂಗ ತಪ್ಪಿದವರ ಕಿವಿ ಹಿಂಡುತ್ತಿದ್ದ ನಾನೇ, ಕೆಲಸಕ್ಕೆ ಹೋಗುವ ಮಗಳನ್ನು 'ಅದು', 'ಇದು' ಎಂದು ಕರೆಯುತ್ತಿದ್ದೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಮಳೆ ಬಂದ ಮರುದಿನ ಬೆಳಿಗ್ಗೆ ಮಂಚದಿಂದ ಕಾಲು ಇಳಿಸಿದರೆ ಚಪ್ಪಲಿ ಸಿಗಲಿಲ್ಲ, ನೀರು ಸಿಕ್ಕಿತು. ಚಪ್ಪಲಿಗಳು ಆಗಲೇ ಅಡುಗೆಮನೆಗೆ ಹೋಗಿ ಗ್ಯಾಸ್ ಸಿಲಿಂಡರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದವು. ಹಾಲಿನಲ್ಲಿ ಮಂಡಿಯುದ್ದ ನೀರು. ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು, ಟಿ.ವಿ. ಸ್ಟ್ಯಾಂಡಿನ ಮೇಲೆ ಕುಳಿತು, "ಏನೇ, ಕಾಫಿ ಆಯ್ತಾ?" ಎಂದರು. ಮನುಷ್ಯರಿಗೆ ಇಷ್ಟು ನೆಮ್ಮದಿ ಇರಬಾರದು.

ಆಗಲೇ ಫೋನು ಬಂತು. ಯಶವಂತಪುರದ ಲಲಿತಮ್ಮ!

ಲಲಿತಮ್ಮ ಯಾರೆಂದರೆ, ನಮ್ಮ ಪುಟ್ಟಿಗೆ ನೋಡಿದ್ದ ಹುಡುಗ ಸುಮಂತನ ತಾಯಿ. ಅವರ ಯಜಮಾನರು ನಂಜಪ್ಪನವರದು ಈರುಳ್ಳಿ ಮಂಡಿ. ಹುಡುಗ ಹುಡುಗಿ ಹೆಬ್ಬಾಳದಲ್ಲಿ ಎಲ್ಲೋ ಕಾಫಿ ಕುಡಿದು ಮಾತಾಡಿಕೊಂಡು ಬಂದಿದ್ದರು. ಮನೆಗೆ ಬಂದ ಪುಟ್ಟಿ ನನ್ನ ಎರಡೂ ಕೈ ಹಿಡಿದು, "ಅಮ್ಮಾ, ನಂಗೆ ಈ ಹುಡುಗ ತುಂಬಾ ಇಷ್ಟ ಕಣಮ್ಮ. ಪ್ಲೀಸ್, ನೀನು ಏನೂ ಎಡವಟ್ಟು ಮಾಡ್ಬೇಡ" ಎಂದು ಬೇಡಿಕೊಂಡಿದ್ದಳು. ಹುಡುಗಿಯರು ಅಪ್ಪನಿಗೆ ಹೇಳಬೇಕಾದ ಮಾತನ್ನು ಇವಳು ನನಗೆ ಯಾಕೆ ಹೇಳಿದಳು ಎಂದು ನನಗೆ ಆಗ ಅರ್ಥವಾಗಿರಲಿಲ್ಲ. ಇನ್ನು ಎರಡು ವಾರಕ್ಕೆ, ಭಾನುವಾರ, ಅವರ ಮನೆಯ ಹಿರಿಯರು ನಮ್ಮ ಮನೆಗೆ ಬಂದು ನೋಡಿಹೋಗುವುದೆಂದು ಮಾತಾಗಿತ್ತು.

"ಸರೋಜಾ ಅವ್ರೇ, ಟಿ.ವಿ.ಲಿ ನಿಮ್ಮ ಅಟ್ಟೂರು ಕಡೆ ನೀರು ನುಗ್ಗಿದೆ ಅಂತ ತೋರಿಸ್ತಿದ್ದಾರಲ್ರೀ! ನಿಮ್ಮನೆ ಹೇಗಿದೆ?"

"ನಮ್ಮನೇನಾ? ಅಯ್ಯೋ, ಒಂದು ಹನಿ ನಿಂತಿಲ್ಲ ಕಣ್ರೀ! ನಮ್ಮದು ಎತ್ತರದ ಜಾಗ" ಎಂದೆ.

ಆ ಕ್ಷಣಕ್ಕೆ ಸರಿಯಾಗಿ ತೇಲಿಬಂದ ಇಡ್ಲಿ ಪಾತ್ರೆಯೊಂದು ನನ್ನ ಮಂಡಿಗೆ ಠಣ್ಣೆಂದು ಬಡಿಯಿತು.

ಏಕೆ ಹಾಗೆ ಹೇಳಿದೆ? ನನಗೂ ಗೊತ್ತಿಲ್ಲ. ನಾಲಿಗೆ ನನ್ನ ಅಪ್ಪಣೆ ಕೇಳಲಿಲ್ಲ. ಇಷ್ಟು ಓದಿಕೊಂಡವರು ಹೋಗಿ ಹೋಗಿ ತಗ್ಗಿನಲ್ಲಿ ಮನೆ ಕಟ್ಟಿದರೇ ಎಂದು ಬೀಗರಾಗುವವರು ನಗಬಾರದು, ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ಫೋನಿಟ್ಟ ಮೇಲೆ ಕಿಟಕಿಯಾಚೆಯಿಂದ ಮುನಿಯಪ್ಪನವರ ದನಿ ಕೇಳಿತು. ಅವರು ಹಳೇ ಅಟ್ಟೂರಿನವರು. ನಮ್ಮ ಲೇಔಟೆಲ್ಲ ಒಂದು ಕಾಲಕ್ಕೆ ಅವರ ಗದ್ದೆ. ಈಗ ಪಕ್ಕದಲ್ಲೇ ಮೂರು ಅಂತಸ್ತಿನ ಮನೆ ಕಟ್ಟಿಕೊಂಡು ಎರಡನೆಯ ಅಂತಸ್ತಿನಲ್ಲಿ ಬೆಚ್ಚಗಿದ್ದಾರೆ.

"ಎತ್ತರದ್ ಜಾಗ್ವಾ ಟೀಚರಮ್ಮಾ? ನಿಮ್ ಹಾಲ್ ಐತಲ್ಲ, ಅಲ್ಲೇ ನಮ್ಮಪ್ಪ ಎಮ್ಮೆ ಮೈ ತೊಳೀತಿದ್ದುದ್ದು. ನಿಮ್ ದೇವ್ರ ಮನೆ ತಾವ ನಾವು ಏಡಿ ಇಡೀತಿದ್ವಿ. ಇಲ್ಗೆ ನೀರು ಬರ್ದೆ ಇನ್ನೆಲ್ಲಿಗ್ ಓದಾತು?"

ನೀರು ಇಳಿಯಿತು. ಕೆಸರು ಬಳಿದು ಹಾಕಿದೆವು. ಸೋಫಾ ಸತ್ತಿತು. ಉಳಿದದ್ದು ಒಂದು ವಾಸನೆ, ಮತ್ತು ಹಾಲಿನ ಗೋಡೆಯ ಉದ್ದಕ್ಕೂ ನೀರು ನಿಂತ ಎತ್ತರಕ್ಕೆ ಒಂದು ಕಂದು ಗೆರೆ. ನಾನು ಉತ್ತರ ಪತ್ರಿಕೆಯಲ್ಲಿ ತಪ್ಪಿನ ಕೆಳಗೆ ಎಳೆಯುತ್ತಿದ್ದ ಗೆರೆಯಂತೆಯೇ ಇತ್ತು. ಗೆರೆಯ ಕೆಳಗೆ ಗಾರೆಯೆಲ್ಲ ಉಬ್ಬಿ, ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಈ ಗೋಡೆಯ ಮುಂದೆ ನಿಂತು 'ಒಂದು ಹನಿ ನಿಂತಿಲ್ಲ' ಎನ್ನುವುದು ಹೇಗೆ?

ಯಜಮಾನರು ಟೇಬಲ್ ಫ್ಯಾನ್ ಇಟ್ಟರು. ಪುಟ್ಟಿಯ ತಲೆಕೂದಲು ಒಣಗಿಸುವ ಯಂತ್ರ ಹಿಡಿದರು. ಯಾರೋ ಹೇಳಿದರೆಂದು ಸಾಂಬ್ರಾಣಿ ಹೊಗೆ ಹಾಕಿದರು. ಗೋಡೆ ಒಣಗಲಿಲ್ಲ, ಆದರೆ ಘಮಘಮಿಸುತ್ತ ಒದ್ದೆಯಾಗಿತ್ತು. ಆಗಲೇ ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ಮೊದಲು ಹೇಳಿದ ಆ ಮಾತನ್ನು ಆಡಿ, ಎಲ್ಲವನ್ನೂ ನನ್ನ ಕೈಗೆ ತೆಗೆದುಕೊಂಡಿದ್ದು.

ಹಳೆಯ ಸಹೋದ್ಯೋಗಿಯೊಬ್ಬರು ಆರ್.ಟಿ. ನಗರದ ಪೇಂಟರ್ ನಜೀರ್ ಅವರ ನಂಬರು ಕೊಟ್ಟರು. ನಜೀರ್ ಬಂದು ಗೋಡೆ ನೋಡಿದರು, ತಟ್ಟಿದರು, ಮೂಸಿದರು. ಆಮೇಲೆ ಎದೆ ತಟ್ಟಿಕೊಂಡರು.

"ಫಿಕರ್ ಮಾಡ್ಬೇಡಿ ಮೇಡಂ! ಕೆರೆದು ಬಿಸಾಕಿ ಪುಟ್ಟಿ ಹಚ್ಚಿಬಿಡ್ತೀನಿ. ನನ್ನ ಕೈ ಬಿದ್ರೆ ಗೋಡೆ ತಾನಾಗೇ ಒಣಗುತ್ತೆ."

ನನ್ನಂಥವರೇ ಇನ್ನೊಬ್ಬರು ಸಿಕ್ಕಿದರಲ್ಲ ಎಂದು ನನಗೆ ಭಾರಿ ಸಂತೋಷವಾಯಿತು.

ಪುಟ್ಟಿ ಎಂದರೆ ಗೋಡೆಗೆ ಬಣ್ಣದ ಕೆಳಗೆ ಮೆತ್ತುವ ಬಿಳಿ ಪುಡಿ ಎಂದು ನಿಮಗೆ ಗೊತ್ತಿರುತ್ತದೆ. ನಮ್ಮ ಮಗಳಿಗೂ ಗೊತ್ತಿತ್ತು. ಆದರೆ ಮರುದಿನ ನನ್ನ ಫೋನನ್ನು ಅವಳು ಎತ್ತಿಕೊಂಡಾಗ ಆ ಕಡೆಯಿಂದ ನಜೀರ್, "ಮನೇಲಿ ಪುಟ್ಟಿ ಇದಾಳಾ?" ಎಂದು ಕೇಳಿದರು.

"ಹೂಂ, ನಾನೇ ಪುಟ್ಟಿ, ಹೇಳಿ."

ಆ ಕಡೆಯ ದನಿ ಮೆಲ್ಲಗಾಯಿತು: "ಎಷ್ಟ್ ಮೂಟೆ ಅಮ್ಮಾ?"

ನಜೀರ್ ಅವರಿಗೆ ಪುಟ್ಟಿ ಯಾವಾಗಲೂ ಸ್ತ್ರೀಲಿಂಗವೇ. "ಪುಟ್ಟಿಗೆ ಅರ್ಜೆಂಟ್ ಮಾಡ್ಬಾರ್ದು ಮೇಡಂ, ಅವಳು ತಾನಾಗೇ ಒಣಗ್ತಾಳೆ." "ಪುಟ್ಟಿ ಇವತ್ತು ಗಟ್ಟಿ ಹಿಡ್ಕೊಂಡವ್ಳೆ." ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತ ನಮ್ಮ ಪುಟ್ಟಿ ಪ್ರತಿಸಲವೂ "ಏನು?" ಎಂದು ಹೊರಗೆ ಬರುತ್ತಿದ್ದಳು. ನನಗೆ ಸುಮ್ಮನಿರಲಾಗಲಿಲ್ಲ. "ನಜೀರ್ ಭಾಯ್, ಪುಟ್ಟಿ ಅವಳಲ್ಲ. ಅದು. ನಿರ್ಜೀವ ವಸ್ತು. ಒಣಗುತ್ತದೆ ಅನ್ನಬೇಕು" ಎಂದು ತಿದ್ದಿದೆ.

"ನಮ್ಮ ಭಾಷೇಲಿ ಪುಟ್ಟಿ ಹೆಣ್ಣು ಮೇಡಂ" ಎಂದರು ನಜೀರ್.

ಅಷ್ಟರಲ್ಲಿ ನಾನು ಒಳಗೆ ತಿರುಗಿ, "ರೀ, ಪುಟ್ಟಿ ತಿಂಡಿ ತಿಂತಾ? ಬೆಳಿಗ್ಗೆಯಿಂದ ಹಾಗೇ ಇದೆ!" ಎಂದು ಕೂಗಿದೆ. ನಜೀರ್ ಗೋಡೆಯನ್ನು ನೋಡಿದರು. ನನ್ನನ್ನು ನೋಡಿದರು. ಬ್ಲೇಡು ಎತ್ತಿಕೊಂಡು ಮೆತ್ತತೊಡಗಿದರು.

ಗೋಡೆ ಬೆಳ್ಳಗಾಯಿತು. ಆದರೆ ಒದ್ದೆ ಗೋಡೆಯ ಮೇಲೆ ಮೆತ್ತಿದ್ದು ಒಣಗುವುದೆಂತು? ಇಲ್ಲಿ ಇನ್ನೊಂದು ತೊಂದರೆ ಶುರುವಾಯಿತು. ನಮ್ಮ ಜನಕ್ಕೆ ಹಸಿ ಗೋಡೆ ಕಂಡರೆ ಹೆಬ್ಬೆರಳು ತುರಿಸುತ್ತದೆ. ಯಜಮಾನರು ಕಾಫಿಗೆ ಮೊದಲೊಮ್ಮೆ, ಕಾಫಿಯ ನಂತರ ಒಮ್ಮೆ ಒತ್ತಿ ನೋಡುವರು. ಪೇಪರಿನವನು ಒತ್ತಿ ನೋಡಿದ. ಗ್ಯಾಸಿನವನು ಸಿಲಿಂಡರ್ ಇಳಿಸಿ ಒತ್ತಿ ನೋಡಿದ. ಮುನಿಯಪ್ಪನವರಂತೂ, "ಒಣಗೈತಾ ಅಂತ ನೋಡಾಣಾಂತ ಬಂದೆ" ಎಂದು ದಿನಾ ಬಂದು ಒಂದೊಂದು ತೂತು ಮಾಡಿ ಹೋಗುತ್ತಿದ್ದರು. ಕೊನೆಗೆ ನಮ್ಮ ಹಾಲಿನ ಗೋಡೆ ಬೆರಳಿನ ಗುರುತು ಬಿದ್ದ ಅಕ್ಕಿರೊಟ್ಟಿಯ ಹಾಗೆ ಕಾಣತೊಡಗಿತು. ಶುಕ್ರವಾರ ಬೆಳಿಗ್ಗೆ ನೋಡಿದರೆ ಒಂದು ಕಡೆ ದೊಡ್ಡದಾಗಿ ಉಬ್ಬಿಕೊಂಡಿತ್ತು. ನಾನೂ ಒತ್ತಿದೆ. ಅಂಗೈಯಗಲದ ಚಕ್ಕೆ ಕೈಗೆ ಬಂತು!

ಭಾನುವಾರ ಲಲಿತಮ್ಮನವರು ಬರುತ್ತಾರೆ. ನಜೀರ್ ಬೇರೆ ಕೆಲಸಕ್ಕೆ ಹೋಗಿದ್ದವರು ಫೋನ್ ಎತ್ತುತ್ತಿಲ್ಲ. ನನಗೆ ಕೈಕಾಲು ಆಡಲಿಲ್ಲ. ವಾಟ್ಸಾಪಿನಲ್ಲಿ ಮಾತನ್ನು ಧ್ವನಿಮುದ್ರಿಸಿ ಕಳಿಸುವುದನ್ನು ಪುಟ್ಟಿ ನನಗೆ ಕಲಿಸಿಕೊಟ್ಟಿದ್ದಳು. ಎರಡು ಮೆಸೇಜು ಕಳಿಸಬೇಕಿತ್ತು. ಒಂದು ನಜೀರ್ ಅವರಿಗೆ, ಬಂದು ಸರಿಮಾಡಿ ಎಂದು. ಇನ್ನೊಂದು ಲಲಿತಮ್ಮನವರಿಗೆ, ಭಾನುವಾರ ಬನ್ನಿ ಎಂದು. ನನ್ನ ಫೋನಿನಲ್ಲಿ ಒಬ್ಬರ ಹೆಸರು 'ಪುಟ್ಟಿ ಪೇಂಟರ್'. ಇನ್ನೊಬ್ಬರ ಹೆಸರು, ಮಾತುಕತೆ ಮುಗಿಯುವ ಮೊದಲೇ ಆಸೆಯಿಂದ ಬರೆದುಕೊಂಡದ್ದು, 'ಪುಟ್ಟಿ ಅತ್ತೆ'. ಕನ್ನಡಕದ ಮೇಲೆ ಎರಡು ಬೆರಳು ದಪ್ಪ ಬಿಳಿ ಧೂಳು.

ಮೊದಲನೆಯದನ್ನು ಕಟ್ಟುನಿಟ್ಟಾಗಿ ಹೇಳಿದೆ:

"ನೋಡಿ, ನಿಮ್ಮನ್ನ ನಂಬಿ ಕೂತಿದೀನಿ. ಪುಟ್ಟಿ ವಿಷಯ ಹೇಳ್ಲೇಬೇಕು. ಮೇಲಿಂದ ನೋಡೋಕೆ ಬೆಳ್ಳಗೆ, ನುಣ್ಣಗೆ ಚೆನ್ನಾಗೇ ಕಾಣುತ್ತೆ. ಒಳಗೆ ಪೂರ್ತಿ ಹಾಳು! ವಾಸನೆ ಬೇರೆ. ಸ್ವಲ್ಪ ಜೋರಾಗಿ ಕೈ ಇಟ್ರೆ ಉದುರುತ್ತೆ. ಭಾನುವಾರ ಗಂಡಿನ ಕಡೆಯವರು ನೋಡೋಕೆ ಬರ್ತಾರೆ, ಅವರಿಗೆ ಗೊತ್ತಾಗಬಾರದು. ಮೇಲೆ ಇನ್ನೊಂದು ಕೋಟು ದಪ್ಪಗೆ ಬಳಿದು ಮುಚ್ಚಿಬಿಡೋಣ. ಮದುವೆ ಆಗೋವರೆಗೂ ನಿಂತ್ರೆ ಸಾಕು. ಆಮೇಲೆ ಬಿದ್ರೆ ಬೀಳಲಿ!"

ಎರಡನೆಯದನ್ನು ಜೇನಿನಲ್ಲಿ ಅದ್ದಿ ಹೇಳಿದೆ:

"ನಮಸ್ಕಾರ. ಭಾನುವಾರ ಬೆಳಿಗ್ಗೆ ಬಂದ್ಬಿಡಿ. ಒಬ್ಬೊಬ್ಬರೇ ಬರಬೇಡಿ, ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ. ಹಿರಿಯರು ಇದ್ರೇನೇ ಚೆಂದ. ತಿಂಡಿ ನಮ್ಮಲ್ಲೇ. ಇನ್ಮೇಲೆ ನೀವು ಬೇರೆ ಅಲ್ಲ, ನಾವು ಬೇರೆ ಅಲ್ಲ. ನಮ್ಮ ಪುಟ್ಟಿನ ನಿಮ್ಮ ಕೈಗೆ ಒಪ್ಪಿಸ್ತಾ ಇದೀವಿ."

ಮಧ್ಯಾಹ್ನ ಉತ್ತರಗಳು ಬಂದವು. ಲಲಿತಮ್ಮ ಬರೆದಿದ್ದರು: 'ನಿಮ್ಮ ಮಾತನ್ನು ಮನೆಯವರೆಲ್ಲ ಕೂತು ಕೇಳಿದೆವು. ಭಾನುವಾರ ಬಂದು ಪುಟ್ಟಿನ ಕಣ್ಣಾರೆ ನೋಡುತ್ತೇವೆ.' ಎಂಥ ಆತ್ಮೀಯತೆ! ನಜೀರ್ ಅವರ ಉತ್ತರ ಮಾತ್ರ ಅರ್ಥವಾಗಲಿಲ್ಲ. ಅವರೂ ಮಾತಿನಲ್ಲೇ ಕಳಿಸಿದ್ದರು. "ಮೇಡಂ, ಇಷ್ಟ್ ವರ್ಷದಲ್ಲಿ ಒಬ್ರೂ ನಂಗೆ ಹೀಗ್ ಹೇಳಿಲ್ಲ. ಅಮ್ಮೀನೂ ಕೇಳಿ ಕಣ್ಣೀರ್ ಹಾಕಿದ್ರು. ಎಲ್ರೂ ಬರ್ತೀವಿ."

ಬೈದದ್ದಕ್ಕೆ ಇಷ್ಟು ಸಂತೋಷವೇ! ಎಲ್ಲರೂ ಬರುತ್ತಾರೆಂದರೆ ನಾಲ್ಕು ಕೈ ಹೆಚ್ಚೇ ಆಯಿತೆಂದು ಸಮಾಧಾನ ಮಾಡಿಕೊಂಡೆ. ಶನಿವಾರ ಕಾದೆ. ಯಾರೂ ಬರಲಿಲ್ಲ. ಸಂಜೆಗೆ ನಾನೇ ಸೀರೆ ಎತ್ತಿ ಕಟ್ಟಿ, ಉಳಿದಿದ್ದ ಪುಡಿಯನ್ನು ಬೋಂಡಾ ಹಿಟ್ಟಿನ ಹದಕ್ಕೆ ಕಲಸಿ, ದೋಸೆ ಮಗುಚುವ ಕೈಯಿಂದ ಬಿದ್ದ ಜಾಗಕ್ಕೆಲ್ಲ ಮೆತ್ತಿದೆ. ಯಜಮಾನರು ಹಿಂದೆ ನಿಂತು, "ಸ್ವಲ್ಪ ಎಣ್ಣೆ ಬಿಡೇ, ಅಂಟ್ಕೊಳ್ಳುತ್ತೆ" ಎಂದರು. ಆಮೇಲೆ ಮುನಿಯಪ್ಪನವರ ಮನೆಯಿಂದ ಅವರ ಸೋಫಾ ಎರವಲು ತಂದು ಆ ಜಾಗಕ್ಕೆ ಅಡ್ಡ ಇಟ್ಟೆವು.

ಭಾನುವಾರ. ಕೇಸರಿಭಾತು, ಖಾರಾಭಾತು ಸಿದ್ಧ. ಪುಟ್ಟಿ ಹಸಿರು ರೇಷ್ಮೆ ಸೀರೆ ಉಟ್ಟು ದೇವರ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕಾಲಿಂಗ್ ಬೆಲ್ಲು ಸದ್ದಾಯಿತು. ಬಾಗಿಲು ತೆರೆದರೆ ನಜೀರ್! ಬೆಳ್ಳನೆಯ ಜುಬ್ಬ, ತಲೆಗೆ ಟೋಪಿ, ಅತ್ತರಿನ ಘಮ. ಹಿಂದೆ ಅವರ ಹೆಂಡತಿ ಶಮೀಮ್, ಜರಿ ದುಪಟ್ಟಾ ಹೊದ್ದ ಅವರ ತಾಯಿ, ಕೈಯಲ್ಲಿ ಮಿಠಾಯಿ ಡಬ್ಬ.

"ಸಾಮಾನೆಲ್ಲಿ? ಬ್ಲೇಡೆಲ್ಲಿ?" ಎಂದೆ.

"ಇವತ್ತೆಂಥ ಕೆಲಸ ಮೇಡಂ? ನೀವು ಕರೆದ್ರಿ, ನಾವು ಬಂದ್ವಿ" ಎಂದು ನಜೀರ್ ಜೇಬಿನಿಂದ ಫೋನು ತೆಗೆದು ಒತ್ತಿದರು. ನನ್ನದೇ ದನಿ, ಜೇನಿನಲ್ಲಿ ಅದ್ದಿದ್ದು: ಇನ್ಮೇಲೆ ನೀವು ಬೇರೆ ಅಲ್ಲ, ನಾವು ಬೇರೆ ಅಲ್ಲ...

ಇದು ಇಲ್ಲಿಗೆ ಬಂದಿದ್ದರೆ, ಅದು ಎಲ್ಲಿಗೆ ಹೋಯಿತು?

'ಒಳಗೆ ಪೂರ್ತಿ ಹಾಳು.' 'ವಾಸನೆ ಬೇರೆ.' 'ಮದುವೆ ಆಗೋವರೆಗೂ ನಿಂತ್ರೆ ಸಾಕು.' ಮನೆಯವರೆಲ್ಲ ಕೂತು ಕೇಳಿದ್ದಾರೆ! ಹೆತ್ತ ತಾಯಿಯೇ ಮಗಳ ಬಗ್ಗೆ! ದೇವರ ಮನೆಯ ಬಾಗಿಲಲ್ಲಿ ನಿಂತ ಪುಟ್ಟಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು.

ಜಗಳಕ್ಕೆ ಬಂದಿದ್ದಾರೆ ಎಂದೇ ನಾನು ತಿಳಿದೆ. ಆದರೆ ಇಳಿದು ಬಂದ ಲಲಿತಮ್ಮ ನಗುತ್ತಿದ್ದರು. ನಂಜಪ್ಪನವರು ನಗುತ್ತಿದ್ದರು. ಸುಮಂತನಂತೂ ಕೆಳತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದ. ಇವರು ಯಾಕೆ ನಗುತ್ತಾರೆ? ನನಗೆ ತಲೆಬುಡ ತಿಳಿಯಲಿಲ್ಲ. ಎಲ್ಲರೂ ಕೂತರು. ನಜೀರ್ ಅವರ ತಾಯಿಯೂ ಲಲಿತಮ್ಮನವರೂ ಅಕ್ಕಪಕ್ಕ ಕೂತು ಒಬ್ಬರಿಗೊಬ್ಬರು ನಮಸ್ಕಾರ ಹೇಳಿಕೊಂಡರು. ಮುನಿಯಪ್ಪನವರೂ ಬಂದು ತಮ್ಮ ಸೋಫಾದ ಮೇಲೆ ಹಕ್ಕಿನಿಂದ ಕೂತರು.

ಲಲಿತಮ್ಮ ಸುತ್ತ ನೋಡಿ, ಮೆತ್ತಗೆ ಕೇಳಿದರು. "ಅಂದ ಹಾಗೆ ಸರೋಜಾ ಅವ್ರೇ, ಅವತ್ತಿನ ಮಳೇಲಿ ನಿಮಗೇನೂ ತೊಂದರೆ ಆಗ್ಲಿಲ್ಲ ಅಲ್ವಾ?"

ಈಗಲಾದರೂ ನಿಜ ಹೇಳಬಹುದಿತ್ತು. ಪುಟ್ಟಿ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ. ನಾಲಿಗೆ ಮತ್ತೆ ತನ್ನ ದಾರಿ ಹಿಡಿಯಿತು.

"ಇಲ್ಲಪ್ಪ, ಒಂದು ಹನಿ ಇಲ್ಲ!"

"ಏ, ಅದೆಂಗೆ ಟೀಚರಮ್ಮಾ?" ಎಂದರು ಮುನಿಯಪ್ಪ. "ಮಂಡಿಗಂಟ ನೀರು ಬಂದಿತ್ತು!"

"ಮಂಡಿ, ಮಂಡಿ!" ಎಂದು ನಾನು ಮಧ್ಯೆ ಬಾಯಿ ಹಾಕಿದೆ. "ನಿಮ್ಮ ಯಶವಂತಪುರದ ಈರು‌ಳ್ಳಿ ಮಂಡಿ ವಿಷಯ ಹೇಳ್ತಿದ್ದಾರೆ. ಪಾಪ, ನಿಮ್ಮ ಮಂಡಿಗೆ ನೀರು ನುಗ್ಗಿತಂತಲ್ಲ, ಈರುಳ್ಳಿ ಏನಾದ್ರೂ ಕೊಳೀತಾ?"

"ನಮ್ಮ ಮಂಡಿ ಒಣಗೇ ಇದೆಯಲ್ಲ" ಎಂದರು ನಂಜಪ್ಪ. "ನನ್ ಮಂಡಿ ಏಳ್ತಾ ಇವ್ನಿ!" ಎಂದು ಮುನಿಯಪ್ಪ ಪಂಚೆ ಸರಿಸಿ ತಮ್ಮ ಮಂಡಿಯನ್ನೇ ತಟ್ಟಿ ತೋರಿಸಿದರು. ಯಜಮಾನರು ಟಿ.ವಿ. ಹಾಕಿದರು. ಯಾಕೆ ಹಾಕಿದರೋ ಇವತ್ತಿಗೂ ಹೇಳಿಲ್ಲ.

ನಂಜಪ್ಪನವರು ಗಂಟಲು ಸರಿಮಾಡಿಕೊಂಡು ಎದ್ದರು. "ಇರ್ಲಿ ಬಿಡಿ. ನಾವು ಬಂದಿದ್ದು ಪುಟ್ಟಿ ನೋಡೋಕೆ. ಎಲ್ಲಿ, ನೋಡೋಣ."

ನಾನು ಕಣ್ಸನ್ನೆ ಮಾಡಿದೆ. ಪುಟ್ಟಿ ಕಾಫಿ ತಟ್ಟೆ ಹಿಡಿದು ಮುಂದೆ ಬಂದಳು. ನಂಜಪ್ಪನವರು ಅವಳನ್ನು ದಾಟಿಕೊಂಡು ನೇರವಾಗಿ ಸೋಫಾದ ಹಿಂದಕ್ಕೆ ಹೋದರು. ಗೋಡೆಯ ಮುಂದೆ ನಿಂತರು. ಮಂಡಿಯಲ್ಲಿ ಈರುಳ್ಳಿ ಒತ್ತಿ ನೋಡುವ ಹಾಗೆ ಹೆಬ್ಬೆರಳಿಟ್ಟು ಒತ್ತಿದರು.

ಹೆಬ್ಬೆರಳು ಒಳಗೇ ಹೋಯಿತು.

"ಮೇಲೆ ಚೆನ್ನಾಗಿದೆ. ಒಳಗೆ ಹಸಿ" ಎಂದರು ಗಂಭೀರವಾಗಿ. ಬೆರಳು ಎಳೆದುಕೊಂಡ ಕೂಡಲೇ, ದೋಸೆಗಾತ್ರದ ಒಂದು ಚಕ್ಕೆ, ನನ್ನ ಮಗುಚುವ ಕೈಯ ಗೀರುಗಳ ಸಮೇತ, ಮುನಿಯಪ್ಪನವರ ಸೋಫಾದ ಮೇಲೆ ಬಿತ್ತು. ಅದರ ಹಿಂದೆ ಆ ಕಂದು ಗೆರೆ ಸ್ಪಷ್ಟವಾಗಿ ಕಾಣಿಸಿತು.

"ಇದು ನನ್ನ ಕೆಲಸ ಅಲ್ಲ ಸಾರ್!" ಎಂದು ನಜೀರ್ ಎದೆಯ ಮೇಲೆ ಕೈಯಿಟ್ಟು ಎದ್ದು ನಿಂತರು. "ಅಲ್ಲಾಹ್‌ನ ಮೇಲಾಣೆ, ನಾನು ಹಿಂಗೆ ಹಚ್ಚೋದಿಲ್ಲ. ಯಾರ್ರೀ ನನ್ನ ಪುಟ್ಟಿಗೆ ಕೈ ಹಾಕಿದ್ದು?"

ಆಗ ಸುಮಂತನಿಗೆ ತಡೆಯಲಾಗಲಿಲ್ಲ. ನಗತೊಡಗಿದವನು ನಿಲ್ಲಿಸಲೇ ಇಲ್ಲ. ಲಲಿತಮ್ಮನವರೂ ಸೆರಗು ಬಾಯಿಗೆ ಒತ್ತಿಕೊಂಡರು. ನಿಧಾನವಾಗಿ ವಿಷಯ ಹೊರಬಿತ್ತು. ನನ್ನ ಮಾತು ಕೇಳಿ ಶುಕ್ರವಾರ ಅವರ ಮನೆಯಲ್ಲಿ ಎಲ್ಲರೂ ಗಾಬರಿಯಾಗಿದ್ದರಂತೆ. ಸುಮಂತ ಪುಟ್ಟಿಗೆ ಫೋನ್ ಮಾಡಿ, "ನಿಂಗೇನಾದ್ರೂ ಕಾಯಿಲೆ ಇದೆಯಾ?" ಎಂದು ಕೇಳಿದನಂತೆ. ಪುಟ್ಟಿ ಕೇಳಿ ಕೇಳಿ ನಕ್ಕು, ನೀರು ಬಂದದ್ದು, ಗೋಡೆ, ನಜೀರ್ ಎಲ್ಲವನ್ನೂ ಹೇಳಿದ್ದಳು. ಅಂದರೆ ಗಂಡಿನ ಕಡೆಯವರಿಗೆಲ್ಲ ಮೊದಲೇ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ!

"ಗೊತ್ತಿದ್ದ ಮೇಲೆ ನಂಗ್ಯಾಕೆ ಹೇಳ್ಲಿಲ್ಲ?" ಎಂದು ಪುಟ್ಟಿಯನ್ನು ಒಳಗೆ ಕರೆದು ಕೇಳಿದೆ.

"ಕೇಳಿದ್ರೆ ಅಮ್ಮ ನಿಜ ಹೇಳೇ ಹೇಳ್ತಾಳೆ ಅಂತ ಸುಮಂತ್ ಹತ್ರ ಬೆಟ್ ಕಟ್ಟಿದ್ದೆ ಅಮ್ಮ" ಎಂದಳು. ಅವಳೀಗ ನಗುತ್ತಿರಲಿಲ್ಲ. "ಸೋತೆ."

ನನಗೆ ನಿಜವಾಗಿ ನಾಚಿಕೆಯಾಯಿತು. ಗೋಡೆ ಬಿದ್ದಾಗ ಆದದ್ದಕ್ಕಿಂತ ಹೆಚ್ಚು. ಹೊರಗೆ ಬಂದು ಕೈ ಮುಗಿದು, "ಮಂಡಿಯವರೆಗೂ ಬಂದಿತ್ತು ಕಣ್ರೀ, ನಮ್ಮನೆಗೇ" ಎಂದೆ. ನಜೀರ್ ಅವರ ತಾಯಿ ನನ್ನ ಬೆನ್ನು ಸವರಿ ಬಾಯಿಗೊಂದು ಮಿಠಾಯಿ ಇಟ್ಟರು. ಎಲ್ಲರೂ ಕೇಸರಿಭಾತು ತಿಂದರು. ಲಲಿತಮ್ಮ ನಜೀರ್ ಅವರನ್ನು ಕರೆದು, ತಮ್ಮ ಮನೆಯ ಮಹಡಿ ಗೋಡೆಗಳಿಗೂ ಕೆಲಸ ಇದೆ ಎಂದು ಮಾತಾಡುತ್ತಿದ್ದುದು ನನ್ನ ಕಿವಿಗೆ ಬಿತ್ತು. ಹೊರಡುವಾಗ ಅವರು, "ಮನೆಗೆ ಹೋಗಿ ತಿಳಿಸ್ತೀವಿ" ಎಂದರು.

ಮನೆಗೆ ಹೋಗಿ ತಿಳಿಸ್ತೀವಿ! ಗಂಡಿನ ಕಡೆಯವರು ಈ ಮಾತು ಹೇಳಿ ಹೋದ ಮೇಲೆ ತಿಳಿಸುವುದೇ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಪುಟ್ಟಿ ಸೀರೆ ಮಡಚಿಟ್ಟು ಬೇಗ ಮಲಗಿಬಿಟ್ಟಳು. ಊಟಕ್ಕೆ ಎಬ್ಬಿಸಿದರೆ ಹಸಿವಿಲ್ಲ ಎಂದಳು. ಯಜಮಾನರು ಗೋಡೆ ಒತ್ತಿ ನೋಡಲೂ ಇಲ್ಲ.

ಸೋಮವಾರ ಬೆಳಿಗ್ಗೆ ಲಲಿತಮ್ಮನವರ ಮೆಸೇಜು ಬಂತು. ಕನ್ನಡಕವನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿ ಓದಿದೆ.

'ಪುಟ್ಟಿ ನಮಗೆಲ್ಲ ತುಂಬಾ ಹಿಡಿಸಿತು. ನಮ್ಮನೆಗೆ ಯಾವಾಗ ಕಳಿಸಿಕೊಡ್ತೀರಿ?'

ನನ್ನೆದೆ ಒಮ್ಮೆ ಹಾರಿತು. ಆದರೆ ತಕ್ಷಣ ಎಚ್ಚೆತ್ತುಕೊಂಡೆ. ಒಮ್ಮೆ ಮೋಸ ಹೋದವಳು ಮತ್ತೊಮ್ಮೆ ಹೋಗುವೆನೇ! ವ್ಯಾಕರಣ ನೋಡಬೇಕು. 'ಹಿಡಿಸಿತು.' ಹಿಡಿಸಿದಳು ಎಂದಿಲ್ಲ, ಗಮನಿಸಿ. ಶುದ್ಧ ನಪುಂಸಕಲಿಂಗ. ನಿರ್ಜೀವ ವಸ್ತು! ಮಹಡಿ ಗೋಡೆಯ ವಿಷಯ ಬೇರೆ ನಾನೇ ಕಿವಿಯಾರೆ ಕೇಳಿದ್ದೇನೆ. ಪಾಪ, ಮಗಳ ವಿಷಯಕ್ಕೆ ಇಲ್ಲ ಎನ್ನಲಾಗದೆ ಗೋಡೆಯ ವಿಷಯ ಎತ್ತಿದ್ದಾರೆ. ದುಃಖ ನುಂಗಿಕೊಂಡು, ಮರ್ಯಾದಸ್ಥಳಂತೆ ಮೈಕಿನ ಗುರುತು ಒತ್ತಿದೆ. ಕಳಿಸುವ ಮೊದಲು ಹೆಸರನ್ನು ಮತ್ತೆ ಮತ್ತೆ ಓದಿದೆ. 'ಪುಟ್ಟಿ ಅತ್ತೆ'. ಈ ಸಲ ಹೆಸರು ಸರಿಯಾಗಿತ್ತು. ಉಳಿದದ್ದೆಲ್ಲ ತಪ್ಪಾಗಿತ್ತು.

"ಪುಟ್ಟಿ ಬೇಕಾದ್ರೆ ನಮ್ಮನ್ನ ಯಾಕೆ ಕೇಳ್ತೀರಿ ಲಲಿತಮ್ಮಾ? ನಜೀರ್ ಭಾಯಿಗೆ ಒಂದು ಫೋನ್ ಮಾಡಿ, ಆಟೋದಲ್ಲಿ ಹಾಕಿ ಕಳಿಸ್ತಾರೆ. ನಿಮ್ಮನೆ ದೊಡ್ಡದು, ಒಂದು ಸಾಕಾಗಲ್ಲ, ನಾಲ್ಕೈದು ತರಿಸ್ಕೊಳ್ಳಿ. ಹಳೇ ಸ್ಟಾಕ್ ಕೊಟ್ರೆ ಮಾತ್ರ ಬೇಡ ಅನ್ನಿ. ನಮಗೆ ಕೊಟ್ಟಿದ್ದು ಹಾಗೇ ಆಯ್ತು."

ಹಿಂದಿನಿಂದ ಒಂದು ಚೀತ್ಕಾರ ಕೇಳಿತು. ಪುಟ್ಟಿ ಹಲ್ಲುಜ್ಜುವ ಬ್ರಶ್ಶು ಹಿಡಿದು ನಿಂತಿದ್ದಳು. "ಅಮ್ಮಾ! ಅವರು ಕೇಳ್ತಿರೋದು ನನ್ನ! ನನ್ನಮ್ಮಾ!" ಎಂದು ನನ್ನ ಕೈಯಿಂದ ಫೋನು ಕಸಿದಳು. ಅಳಿಸಲು ಏನೇನೋ ಒತ್ತಿದಳು. ಆ ಕಡೆ ಆಗಲೇ ಕೇಳಿಯಾಗಿತ್ತು. ನಾವು ಮೂವರೂ ಆ ಪುಟ್ಟ ಪರದೆಯನ್ನೇ ನೋಡುತ್ತ ನಿಂತೆವು. ಯಜಮಾನರು ಆತಂಕಕ್ಕೆ ಗೋಡೆಗೆ ಹೆಬ್ಬೆರಳು ಒತ್ತಿದರು.

ಲಲಿತಮ್ಮನವರ ಉತ್ತರ ಬಂತು. ಪುಟ್ಟಿ ಓದಿ, ಫೋನನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತೇಬಿಟ್ಟಳು. ನಾನು ಕಸಿದುಕೊಂಡು ನೋಡಿದೆ.

'ಒಂದೇ ಸಾಕು ಕಣ್ರೀ. ನಮಗಿರೋದು ಒಬ್ಬನೇ ಮಗ.'

ಈಗ ನಮ್ಮ ಮನೆಯಿಂದ ಹೊರಡುವ ಯಾವ ಮೆಸೇಜೂ ಪುಟ್ಟಿ ತಿದ್ದದೆ ಹೋಗುವಂತಿಲ್ಲ. ಊರಿನ ಮಕ್ಕಳಿಗೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದ ನಾನು, ಸೊಂಟದಿಂದ ಕೈ ಕೆಳಗಿಳಿಸಿ, ಮಗಳ ಮುಂದೆ ಫೋನು ಹಿಡಿದು ನಿಲ್ಲುತ್ತೇನೆ. ಮದುವೆಗೆ ನಜೀರ್ ಅವರ ಮನೆಯವರನ್ನೆಲ್ಲ ಕರೆದಿದ್ದೇವೆ. ಈ ಸಲ ಬೇಕೆಂದೇ ಕರೆದಿದ್ದೇವೆ. ಗೋಡೆ ಇನ್ನೂ ಒಣಗಿಲ್ಲ. ನಂಬಿಕೆ ಇಲ್ಲದವರು ಯಾವಾಗ ಬೇಕಾದರೂ ಬಂದು ಒತ್ತಿ ನೋಡಬಹುದು.